ಪತ್ರೆ ಕೊಟ್ಟ ಮರದ ಫಲವನ್ನು ಮರೆತೆವು

ಮಹಾಶಿವರಾತ್ರಿ ಬಂತೆಂದರೆ ನಮ್ಮ ಊರುಗಳ ಬಿಲ್ವವೃಕ್ಷಗಳು ಬೋಳಾಗುತ್ತವೆ. ಎಟುಕಿದ ಎಲೆಯನ್ನು ಬಿಡಿಸುವುದು ಬಿಟ್ಟು ಕೊಂಬೆಯನ್ನೇ ಮುರಿದು ತರುವವರೂ ಉಂಟು. ಕೆಲವು ವಾರ ಕಳೆದು ಬಿಸಿಲೇರಿದಾಗ ಅದೇ ಮರದ ಹಣ್ಣುಗಳು ಗುಡಿಯ ಅಂಗಳದಲ್ಲಿ ಬಿದ್ದು ಒಡೆದು ಇರುವೆಗಳ ಪಾಲಾಗುತ್ತವೆ. ಅದೇ ಅಂಗಳದ ಎದುರಿನ ಅಂಗಡಿಯಲ್ಲಿ ನಮ್ಮ ಮಕ್ಕಳು ಬಣ್ಣದ ಪಾನೀಯದ ಬಾಟಲಿಯನ್ನು ಕೊಳ್ಳುತ್ತಿರುತ್ತಾರೆ. ಪತ್ರೆಯನ್ನು ಪೂಜೆಗೆ ಪಡೆದ ನಾವು ಫಲವನ್ನು ಮರೆತಿದ್ದೇವೆ.

ಆಂಗ್ಲರು ಬಿಲ್ವವನ್ನು 'ಬೆಂಗಾಲ್ ಕ್ವಿನ್ಸ್' ಎಂದು ಕರೆದರು. ಕ್ವಿನ್ಸ್ ಎಂಬುದು ಸೇಬಿನ ಬಂಧುವಾದ ಶೀತಪ್ರದೇಶದ ಹಣ್ಣು, ಕಾಶ್ಮೀರದಲ್ಲಿ ಬೆಳೆಯುತ್ತದೆ. ಚಳಿಗಾಲದ ಶೀತವಿಲ್ಲದೆ ಅದು ಸರಿಯಾಗಿ ಹೂ ಬಿಡದು. ಬಿಲ್ವವಾದರೋ ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಪತ್ರೆಯನ್ನು ಬೆಳಕಿಗೆ ಹಿಡಿದರೆ ನಿಂಬೆಯೆಲೆಯಲ್ಲಿರುವಂತಹ ಸೂಕ್ಷ್ಮ ತೈಲಬಿಂದುಗಳು ಕಾಣುತ್ತವೆ; ಹಿಸುಕಿದರೆ ಪರಿಮಳ ಹೊಮ್ಮುತ್ತದೆ. ಚಳಿನಾಡಿಗೆ ಕ್ವಿನ್ಸ್ ಹೇಗೋ ನಮ್ಮ ಬಯಲುಸೀಮೆಗೆ ಬಿಲ್ವ ಹಾಗೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ರೈತಬಂಧುಗಳಿಗೆ ಮಳೆಯ ಚಂಚಲತೆಯನ್ನು ನಾವು ವಿವರಿಸಬೇಕಾಗಿಲ್ಲ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಡಿಕೆ, ದಾಳಿಂಬೆಗಳನ್ನು ನಂಬಿ ಕೊಳವೆಬಾವಿ ಕೊರೆಸುತ್ತಾ ಸಾಲದ ಆಳಕ್ಕೆ ಇಳಿದ ಕುಟುಂಬಗಳು ನಮ್ಮ ಕಣ್ಣೆದುರಿಗೇ ಇವೆ. ಬಿಲ್ವವು ಅಂತಹ ನೀರನ್ನು ಬೇಡುವುದಿಲ್ಲ. ಕಡುಬೇಸಿಗೆಯಲ್ಲಿ ಎಲೆಯುದುರಿಸಿ ತನ್ನ ತೇವವನ್ನು ಕಾಯ್ದುಕೊಳ್ಳುತ್ತದೆ. ಕಲ್ಲುನೆಲ, ಸವುಳುಮಣ್ಣುಗಳನ್ನೂ ತಾಳಿಕೊಳ್ಳುತ್ತದೆ. ನೀರು ನಿಲ್ಲುವ ಎರೆಭೂಮಿಯಲ್ಲಿ ಮಾತ್ರ ಬಸಿಗಾಲುವೆ ಬೇಕು.

ನೆಡುವ ಕ್ರಮ ಸರಳ. ಬೇಸಿಗೆಯಲ್ಲಿಯೇ ಮೂರು ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು ಬಿಸಿಲಿಗೆ ಬಿಡಬೇಕು. ಮುಂಗಾರು ಹಿಡಿದ ಮೇಲೆ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ ಸಸಿ ನೆಡಬೇಕು. ಗಿಡದಿಂದ ಗಿಡಕ್ಕೆ ಇಪ್ಪತ್ತೈದು ಅಡಿಯಾದರೂ ಅಂತರವಿರಲಿ. ಬೀಜದ ಗಿಡ ಫಲಕ್ಕೆ ಬರಲು ಏಳೆಂಟು ವರ್ಷ ಬೇಕು, ತಾಯಿಮರದ ಗುಣವೂ ಖಚಿತವಲ್ಲ. ಕಸಿ ಗಿಡ ನಾಲ್ಕೈದು ವರ್ಷಗಳಲ್ಲಿ ಫಲಿಸುತ್ತದೆ. ನರೇಂದ್ರ ಬೇಲ್-5, ಮುಳ್ಳು ವಿರಳವಾದ ಪಂತ್ ಅಪರ್ಣಾ, ಗುಜರಾತಿನ ಒಣಭೂಮಿಯಲ್ಲಿ ರೂಪುಗೊಂಡ ಗೋಮಾ ಯಶಿ ಹೆಸರಾಂತ ತಳಿಗಳು. ಮೊದಲ ಎರಡು ಬೇಸಿಗೆಗಳಲ್ಲಿ ಬುಡಕ್ಕೆ ನೀರು, ಒಣಹುಲ್ಲಿನ ಹೊದಿಕೆ ಮತ್ತು ಆಡುಕುರಿಗಳಿಂದ ಬೇಲಿಯ ರಕ್ಷಣೆ ಇವಿಷ್ಟು ಅಗತ್ಯ. ಗಿಡ ಎಳೆಯದಿರುವಾಗ ಸಾಲುಗಳ ನಡುವೆ ಹುರುಳಿ, ಶೇಂಗಾ ಬೆಳೆದುಕೊಳ್ಳಬಹುದು.

ಆಯುರ್ವೇದದ ದಶಮೂಲಗಳಲ್ಲಿ ಬಿಲ್ವದ ಬೇರೂ ಒಂದು. ಎಳೆಯ ಕಾಯಿಯ ತಿರುಳು ಒಗರು. ಅದನ್ನು ಹೋಳು ಮಾಡಿ ಒಣಗಿಸಿ ಅತಿಸಾರಕ್ಕೆ ಬಳಸುವುದು ಪ್ರಾಚೀನ ಪದ್ಧತಿ. ಹಣ್ಣಿನ ಗುಣ ಬೇರೆ. ಅದರ ಲೋಳೆ ಮತ್ತು ನಾರು ಮಲಬದ್ಧತೆಯನ್ನು ಸಡಿಲಿಸುತ್ತವೆ. ಆದುದರಿಂದ ಭೇದಿಯಾದಾಗ ಹಣ್ಣನ್ನೂ, ಮಲಬದ್ಧತೆಯಿರುವಾಗ ಕಾಯಿಯನ್ನೂ ಕೊಡುವುದು ತಪ್ಪು.

ಪಾನಕಕ್ಕೆ ಹಸಿರು ಮಾಸಿ ಹಳದಿಗೆ ತಿರುಗಿದ ಹಣ್ಣನ್ನು ತೊಟ್ಟಿನ ಸಮೇತ ಕೊಯ್ದು ಕೆಲವು ದಿನ ಮನೆಯಲ್ಲಿಡಬೇಕು. ಪರಿಮಳ ಬಂದಾಗ ಚಿಪ್ಪೊಡೆದು, ತಿರುಳನ್ನು ನೀರಿನಲ್ಲಿ ನೆನೆಸಿ ಕೈಯಿಂದ ಮೆಲ್ಲನೆ ಕಿವುಚಿ ಸೋಸಬೇಕು. ಬೀಜ ಜಜ್ಜಿದರೆ ಕಹಿಯಾಗುತ್ತದೆ. ತುಸು ಬೆಲ್ಲ, ಏಲಕ್ಕಿ ಸೇರಿಸಿದರೆ ಬಿಸಿಲಿನಲ್ಲಿ ದುಡಿದು ಬಂದವರಿಗೆ ತಂಪಾದ ಪಾನಕ ಸಿದ್ಧ.

ಇಲ್ಲೊಂದು ಎಚ್ಚರಿಕೆಯ ಮಾತು. ಹಸುಗೂಸಿಗೆ ಭೇದಿಯಾದಾಗ ಬಿಲ್ವದ ಕಾಯಿಯನ್ನೇ ನಂಬಿ ಕುಳಿತರೆ ಪ್ರಾಣಕ್ಕೇ ಅಪಾಯ. ಎದೆಹಾಲನ್ನು ನಿಲ್ಲಿಸದೆ ಓಆರ್‌ಎಸ್ ದ್ರಾವಣವನ್ನು ಕುಡಿಸುತ್ತಾ ವೈದ್ಯರಲ್ಲಿಗೆ ಒಯ್ಯಬೇಕು. ದೊಡ್ಡವರಿಗೆ ಓಆರ್‌ಎಸ್ ಸಿಗದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಕೊಡಬಹುದು. ಹಣ್ಣಿನಲ್ಲಿ ಸಿಹಿಯ ಅಂಶ ಹೆಚ್ಚಾದುದರಿಂದ ಮಧುಮೇಹಿಗಳು ಮಿತಿಯಲ್ಲಿರಬೇಕು. ಗರ್ಭಿಣಿಯರು ಬಿಲ್ವದ ಔಷಧಿಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಪತ್ರೆಯನ್ನು ಕೈಯಿಂದ ಬಿಡಿಸೋಣ, ಕೊಂಬೆಯನ್ನು ಮುರಿಯದಿರೋಣ. ಈ ಮುಂಗಾರಿನಲ್ಲಿ ಹೊಲದ ಬದುವಿನಲ್ಲೋ ಶಾಲೆಯ ಅಂಗಳದಲ್ಲೋ ಮನೆಗೊಂದು ಬಿಲ್ವದ ಸಸಿ ನೆಟ್ಟು, ಎರಡು ಬೇಸಿಗೆ ನೀರುಣಿಸೋಣ. ಮುಂದೆ ಅದು ಪೂಜೆಗೆ ಪತ್ರೆಯನ್ನೂ, ದಾರಿಹೋಕರಿಗೆ ನೆರಳನ್ನೂ, ಮಕ್ಕಳಿಗೆ ಪಾನಕವನ್ನೂ ಕೊಡುತ್ತದೆ. ಆ ಮರದ ದಾಸೋಹಕ್ಕೆ ನಮ್ಮ ಪಾಲಿನ ಕಾಯಕ ಅಷ್ಟಾದರೂ ಸಲ್ಲಲಿ.