ಅಂಗೈಯ ಯಂತ್ರದಲ್ಲಿ ಚಲಚ್ಚಿತ್ರ

ನಮ್ಮ ಶಾಲೆಯ ಕಳೆದ ವಾರ್ಷಿಕೋತ್ಸವದಂದು ಮಕ್ಕಳು ಆಡಿದ ಯಕ್ಷಗಾನವನ್ನು ನೋಡಿ ಸಂತೋಷಪಟ್ಟವರು ಹಲವರು. ಬರಲಾಗದೆ ಮನೆಯಲ್ಲಿಯೇ ಉಳಿದವರೂ ಉಂಟು. ಅಂತಹವರಲ್ಲಿ ಒಬ್ಬರು, ಅಂದು ವೇಷ ಕಟ್ಟಿದ್ದ ವಿದ್ಯಾರ್ಥಿಯೊಬ್ಬನ ಅಜ್ಜಿ. ಕಾಲಿನ ಬೇನೆಯಿಂದ ಮಂಚ ಬಿಟ್ಟು ಏಳಲಾರದವರು. ಅವರಿಗೆ ಆಟವನ್ನು ತೋರಿಸಬೇಕೆಂಬ ಆಸೆಯಿಂದ ಆ ಹುಡುಗನು ಒಂದು ಪುಟ್ಟ ಮೀಡಿಯಾ ಪ್ಲೇಯರನ್ನು ತಂದು ನಮ್ಮ ಮುಂದಿಟ್ಟನು. ಅಂಗೈಯಲ್ಲಿ ಹಿಡಿಸುವ ಯಂತ್ರ. ಹಾಡು ಕೇಳುವುದಕ್ಕೂ ವಿಡಿಯೊ ನೋಡುವುದಕ್ಕೂ ಒದಗುವಂತಹದು. ಆದರೆ ಆಟದ ವಿಡಿಯೊವನ್ನು ಅದಕ್ಕೆ ತುಂಬಿ ಗುಂಡಿ ಒತ್ತಿದಾಗ, ಈ ಫೈಲು ನಡೆಯದು ಎಂಬ ಸೂಚನೆಯ ಹೊರತು ಬೇರೇನೂ ಕಾಣಿಸಲಿಲ್ಲ. ಪ್ಲೇಯರಿನ ಜೊತೆಗೆ ಬಂದ ಸಿ.ಡಿ.ಯಲ್ಲಿ ವಿಡಿಯೊವನ್ನು ಪರಿವರ್ತಿಸುವ ತಂತ್ರಾಂಶವೇನೋ ಇತ್ತು. ಅದು ವಿಂಡೋಸ್ ಇರುವ ಕಂಪ್ಯೂಟರಿಗೆ ಮಾತ್ರ ಮೀಸಲು. ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿ ವಿಂಡೋಸ್ ಇಲ್ಲ.

ಏಕೆ ಇಲ್ಲವೆಂಬುದನ್ನು ಹೆತ್ತವರೂ ತಿಳಿದಿರುವುದು ಒಳ್ಳೆಯದು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಇವರು ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವನ್ನೇ ಆರಿಸಿಕೊಂಡುದರಿಂದ, ಕಾಸರಗೋಡಿನ ನಮ್ಮ ಮಕ್ಕಳು ಉಬುಂಟುವಿನ ಆಧಾರದ ಮೇಲೆ ಸಿದ್ಧಪಡಿಸಿದ ಗ್ನೂ-ಲಿನಕ್ಸ್ ವ್ಯವಸ್ಥೆಯಲ್ಲಿ ಐ.ಟಿ. ಪಾಠವನ್ನು ಕಲಿಯುತ್ತಾರೆ. ಹಾಗಾದರೆ ಸಿ.ಡಿ.ಯ ತಂತ್ರಾಂಶವಿಲ್ಲದೆ ಅಜ್ಜಿಗೆ ಆಟವನ್ನು ತೋರಿಸುವ ದಾರಿಯೇ ಇಲ್ಲವೆ? ಉಂಟು. ಆ ದಾರಿಯನ್ನು ಎಡವುತ್ತ ಎಡವುತ್ತ ಕಂಡುಕೊಂಡ ಬಗೆಯನ್ನು ಇಲ್ಲಿ ಹೇಳುತ್ತೇವೆ.

ಪೆಟ್ಟಿಗೆಯೂ ಒಳಗಿನ ವಸ್ತುವೂ

ಹುಡುಗನು ಮೊದಲು ಮಾಡಿದ ಉಪಾಯ ಬಹಳ ಸರಳವಾದುದು. ಪ್ಲೇಯರಿನ ಕೈಪಿಡಿಯಲ್ಲಿ ಎ.ವಿ.ಐ. ಎಂದಿತ್ತು, ವಿಡಿಯೊ ಫೈಲಿನ ಹೆಸರಿನ ಕೊನೆಯಲ್ಲಿ ಎಂ.ಪಿ.4 ಎಂದಿತ್ತು. ಅವನು ಹೆಸರಿನ ಆ ಬಾಲವನ್ನು ಅಳಿಸಿ ಎ.ವಿ.ಐ. ಎಂದು ಬರೆದನು. ಫಲ ಸಿಗಲಿಲ್ಲ. ಅಕ್ಕಿಯ ಡಬ್ಬಿಗೆ ಉಪ್ಪಿನ ಚೀಟಿ ಅಂಟಿಸಿದ ಮಾತ್ರಕ್ಕೆ ಅಕ್ಕಿ ಉಪ್ಪಾಗುವುದೆ?

ಎಂ.ಪಿ.4, ಎ.ವಿ.ಐ., ಎಂ.ಕೆ.ವಿ. ಎಂಬಿವು ಪೆಟ್ಟಿಗೆಗಳ ಹೆಸರುಗಳು. ಪೆಟ್ಟಿಗೆಯ ಒಳಗೆ ಚಿತ್ರ ಬೇರೆ, ಧ್ವನಿ ಬೇರೆಯಾಗಿ ಇರುತ್ತವೆ. ಇವೆರಡನ್ನೂ ಕುಗ್ಗಿಸಿಯೇ ಇಟ್ಟಿರುತ್ತಾರೆ. ಕುಗ್ಗಿಸುವುದೇಕೆಂದರೆ, ಒಂದು ಸಾಮಾನ್ಯ ವಿಡಿಯೊ ಚಿತ್ರದ ಅಗಲ 1920 ಬಿಂದುಗಳು, ಎತ್ತರ 1080 ಬಿಂದುಗಳು. ಒಟ್ಟು 20,73,600 ಬಿಂದುಗಳಾದವು. ಪ್ರತಿಯೊಂದು ಬಿಂದುವಿನ ಬಣ್ಣಕ್ಕೆ 3 ಬೈಟುಗಳಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಲೆಕ್ಕ ಹಾಕಿದರೆ, ಒಂದೇ ಸೆಕೆಂಡಿನ ಆಟಕ್ಕೆ 15 ಕೋಟಿ 55 ಲಕ್ಷಕ್ಕೂ ಮೀರಿದ ಬೈಟುಗಳು ಬೇಕಾಗುವುವು. ಆದುದರಿಂದ, ರಂಗದ ಹಿಂದಿನ ಪರದೆಯಂತೆ ಬದಲಾಗದೆ ಇರುವುದನ್ನು ಮತ್ತೆ ಮತ್ತೆ ಬರೆಯದೆ, ವೇಷಧಾರಿಯ ಚಲನೆಯಂತೆ ಬದಲಾದುದನ್ನು ಮಾತ್ರ ಬರೆದಿಡುವ ಕ್ರಮಗಳನ್ನು ತಜ್ಞರು ರೂಪಿಸಿದರು. ಇವುಗಳಿಗೆ ಕೋಡೆಕ್ ಎಂದು ಹೆಸರು. 2003ರಲ್ಲಿ ಪ್ರಕಟವಾದ ಎಚ್.264 ಎಂಬುದು ಚಿತ್ರಕ್ಕೆ ಸಂಬಂಧಿಸಿದ ಅಂತಹ ಒಂದು ಕ್ರಮ, ಎಂ.ಪಿ.3, ಎ.ಎ.ಸಿ. ಎಂಬಿವು ಧ್ವನಿಗೆ ಸಂಬಂಧಿಸಿದವು. ಪುಟ್ಟ ಪ್ಲೇಯರಿನ ಒಳಗಿರುವ ಚಿಪ್ಪು ಇವುಗಳಲ್ಲಿ ಒಂದೆರಡನ್ನು ಮಾತ್ರ ಬಿಡಿಸಬಲ್ಲುದು. ಉಳಿದವು ಅದಕ್ಕೆ ತಿಳಿಯದ ಭಾಷೆ.

ಎರಡು ಪಟ್ಟಿಗಳು

ಆದಕಾರಣ ಪರಿವರ್ತನೆಗೆ ಮುನ್ನ ಎರಡು ಪಟ್ಟಿಗಳನ್ನು ಬರೆದುಕೊಳ್ಳಬೇಕು. ಕೈಯಲ್ಲಿರುವ ವಿಡಿಯೊ ಎಂತಹದು ಎಂಬುದು ಮೊದಲನೆಯದು. ವಿ.ಎಲ್.ಸಿ. ಎಂಬ ತಂತ್ರಾಂಶದಲ್ಲಿ ವಿಡಿಯೊವನ್ನು ತೆರೆದು, ಟೂಲ್ಸ್ ಪಟ್ಟಿಯಲ್ಲಿರುವ ಕೋಡೆಕ್ ಮಾಹಿತಿಯನ್ನು ನೋಡಿದರೆ ಇದು ತಿಳಿಯುವುದು. ನಮ್ಮದು ಎಂ.ಪಿ.4 ಪೆಟ್ಟಿಗೆ, ಎಚ್.264 ಚಿತ್ರ, 1920×1080 ಅಳತೆ, ಎ.ಎ.ಸಿ. ಧ್ವನಿ. ಪ್ಲೇಯರ್ ಏನನ್ನು ಬಯಸುತ್ತದೆ ಎಂಬುದು ಎರಡನೆಯದು. ಇದು ಕೈಪಿಡಿಯ ಕೊನೆಯ ಪುಟಗಳಲ್ಲಿ ಸಿಗುವುದು. ಹುಡುಗನ ಪ್ಲೇಯರ್ ಬಯಸಿದುದು ಎ.ವಿ.ಐ. ಪೆಟ್ಟಿಗೆ, ಎಕ್ಸ್‌ವಿಡ್ ಬಗೆಯ ಎಂಪೆಗ್-4 ಚಿತ್ರ, 320×240 ಅಳತೆ, ಎಂ.ಪಿ.3 ಧ್ವನಿ. ಹೆಸರಾಂತ ಯಂತ್ರಗಳಿಗೂ ಇಂತಹ ಮಿತಿಗಳು ಇದ್ದುವು. ಆಪಲ್ ಸಂಸ್ಥೆಯು 2005ರಲ್ಲಿ ಹೊರತಂದ, ವಿಡಿಯೊ ತೋರಿಸುವ ಮೊದಲ ಐಪಾಡಿನ ಪರದೆಯೂ 320×240 ಬಿಂದುಗಳದೇ. ಅದಕ್ಕೆ ವಿಡಿಯೊ ತುಂಬುವ ಐಟ್ಯೂನ್ಸ್ ತಂತ್ರಾಂಶವು ವಿಂಡೋಸಿಗೂ ಮ್ಯಾಕಿಗೂ ಇತ್ತೇ ಹೊರತು ಲಿನಕ್ಸಿಗೆ ಇರಲಿಲ್ಲ.

ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಅರ್ಧ ಕೆಲಸ ಮುಗಿದಂತೆಯೇ. ಒಳಗಿನ ಚಿತ್ರವೂ ಧ್ವನಿಯೂ ಪ್ಲೇಯರಿಗೆ ಒಪ್ಪಿಗೆಯಾಗಿದ್ದು ಪೆಟ್ಟಿಗೆ ಮಾತ್ರ ಬೇರೆಯಾಗಿದ್ದರೆ, ಕುಗ್ಗಿಸಿದುದನ್ನು ಬಿಡಿಸದೆ ಹೊಸ ಪೆಟ್ಟಿಗೆಗೆ ಸಾಗಿಸಿದರೆ ಸಾಕು. ಆಗ ಕೆಲಸವೂ ಬೇಗ, ಚಿತ್ರವೂ ಕೆಡದು. ನಮ್ಮ ಪಟ್ಟಿಗಳಲ್ಲಿ ನಾಲ್ಕು ಅಂಶಗಳೂ ಬೇರೆ ಬೇರೆ ಆಗಿದ್ದುವು.

ಸಾಧನಗಳು

ಈ ಕೆಲಸಕ್ಕೆ ಲಿನಕ್ಸಿನಲ್ಲಿ ಸಾಧನಗಳಿಗೆ ಬಡತನವಿಲ್ಲ. ಫ್ರಾನ್ಸಿನ ಫ್ಯಾಬ್ರೀಸ್ ಬೆಲ್ಲಾರ್ ಎಂಬವರು 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಇವುಗಳಲ್ಲಿ ಪ್ರಮುಖವಾದುದು. ಇದಕ್ಕೆ ಗುಂಡಿಗಳಿಲ್ಲ, ಒಂದು ಸಾಲಿನ ಆಜ್ಞೆಯನ್ನು ಬೆರಳಚ್ಚಿಸಬೇಕು. ಹ್ಯಾಂಡ್‌ಬ್ರೇಕ್ ಎಂಬುದು ಬಳಸಲು ಸುಲಭ, ಎಂ.ಪಿ.4 ಬಯಸುವ ಪ್ಲೇಯರುಗಳಿಗೆ ಅದೇ ಸಾಕು, ಆದರೆ ಅದು ಎ.ವಿ.ಐ. ಪೆಟ್ಟಿಗೆಯನ್ನು ತಯಾರಿಸುವುದಿಲ್ಲ. ಆದುದರಿಂದ ನಾವು ಅವಿಡೆಮಕ್ಸ್ ಎಂಬುದನ್ನು ಆರಿಸಿಕೊಂಡೆವು. ಅದರ ಎಡಬದಿಯಲ್ಲಿ ಚಿತ್ರ, ಧ್ವನಿ, ಪೆಟ್ಟಿಗೆ ಎಂಬ ಮೂರು ಆಯ್ಕೆಗಳು ಒಂದರ ಕೆಳಗೊಂದು ಇರುತ್ತವೆ. ಪ್ಲೇಯರಿನ ಪಟ್ಟಿಯನ್ನು ನೋಡಿಕೊಂಡು ಮೂರನ್ನೂ ಆರಿಸುವುದಷ್ಟೆ.

ಮೊದಲ ಸಲ ನಾವು ಎರಡು ತಪ್ಪುಗಳನ್ನು ಮಾಡಿದೆವು. ಧ್ವನಿಯ ಆಯ್ಕೆಯನ್ನು ಇದ್ದಂತೆಯೇ ಬಿಟ್ಟುದರಿಂದ ಎ.ಎ.ಸಿ. ಧ್ವನಿಯೇ ಉಳಿದು, ಪ್ಲೇಯರಿನಲ್ಲಿ ವೇಷಗಳು ಕುಣಿದುವು, ಚೆಂಡೆ ಕೇಳಿಸಲಿಲ್ಲ. ಅಗಲವಾದ ಚಿತ್ರವನ್ನು 320×240ರೊಳಗೆ ಒತ್ತಿ ತುಂಬಿದುದರಿಂದ ವೇಷಗಳೆಲ್ಲ ಸಪೂರವಾಗಿ, ಕಿರೀಟಗಳು ಅಡಕೆ ಮರದಂತೆ ಉದ್ದವಾದುವು. ಮಕ್ಕಳು ನಕ್ಕರು, ವೇಷ ಕಟ್ಟಿದವನು ಮಾತ್ರ ನಗಲಿಲ್ಲ. ಅನಂತರ ಲೆಕ್ಕ ಹಾಕಿದೆವು. 1920ಕ್ಕೆ 1080 ಎಷ್ಟೋ 320ಕ್ಕೆ 180 ಅಷ್ಟೆ. ಆದುದರಿಂದ ಫಿಲ್ಟರ್ ಎಂಬಲ್ಲಿ ಚಿತ್ರವನ್ನು 320×180ಕ್ಕೆ ಇಳಿಸಿ, ಮೇಲೆ 30, ಕೆಳಗೆ 30 ಬಿಂದುಗಳ ಕಪ್ಪು ಅಂಚನ್ನು ಕೂಡಿಸಿ 240 ಮಾಡಿದೆವು. ಧ್ವನಿಗೆ ಎಂ.ಪಿ.3ನ್ನು ಆರಿಸಿ, ಹೊಸ ಹೆಸರಿನಲ್ಲಿ ಉಳಿಸಿದೆವು. ಈ ಸಲ ಎಲ್ಲವೂ ಸರಿಯಾಯಿತು.

ಚಿತ್ರಕ್ಕೆ ಸೆಕೆಂಡಿಗೆ 500 ಕಿಲೊಬಿಟ್, ಧ್ವನಿಗೆ 128 ಕಿಲೊಬಿಟ್ ಎಂದು ನಿಗದಿಮಾಡಿದರೆ, ಒಂದು ಗಂಟೆಯ ಆಟಕ್ಕೆ ಸುಮಾರು 283 ಮೆಗಾಬೈಟ್ ಆಗುವುದು. 8 ಗಿಗಾಬೈಟಿನ ಮೆಮೊರಿ ಕಾರ್ಡಿನಲ್ಲಿ ಇಂತಹ 28 ಗಂಟೆಗಳು ಹಿಡಿಸುವುವು. ಈ ಗುಣಾಕಾರವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ. 8 ಬಿಟ್ಟುಗಳಿಗೆ 1 ಬೈಟ್ ಎಂಬುದನ್ನು ಮರೆಯದಿದ್ದರೆ ಸಾಕು.

ಕೆಲವು ಎಚ್ಚರಿಕೆಗಳು

ಮೂಲ ವಿಡಿಯೊವನ್ನು ಎಂದಿಗೂ ಅಳಿಸಬಾರದು. 320×240ರ ಪರದೆಯಲ್ಲಿರುವ ಬಿಂದುಗಳು 76,800. ಇದು ಮೂಲದ ಇಪ್ಪತ್ತೇಳನೆಯ ಒಂದು ಪಾಲು. ಹೀಗೆ ಬಿಟ್ಟುಹೋದುದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಪರಿವರ್ತಿಸಿದುದನ್ನೇ ಮತ್ತೊಮ್ಮೆ ಪರಿವರ್ತಿಸುವುದೂ ಸಲ್ಲದು. ಪ್ರತಿಸಲವೂ ಮೂಲದಿಂದಲೇ ತೊಡಗಬೇಕು. ಉಚಿತವೆಂದು ಸಾರುವ ಅಪರಿಚಿತ ತಂತ್ರಾಂಶಗಳನ್ನು ಅಂತರ್ಜಾಲದಿಂದ ಇಳಿಸಿಕೊಳ್ಳದೆ, ಲಿನಕ್ಸ್ ವ್ಯವಸ್ಥೆಯ ಸ್ವಂತ ಭಂಡಾರದಿಂದಲೇ ಪಡೆಯುವುದು ಕ್ಷೇಮಕರ. ಇನ್ನೊಂದು ಮಾತು: ನಮ್ಮದಾದ, ಇಲ್ಲವೆ ಅನುಮತಿಯುಳ್ಳ ವಿಡಿಯೊಗಳನ್ನು ಮಾತ್ರ ಹೀಗೆ ಪ್ರತಿಮಾಡತಕ್ಕದ್ದು. ಇತರರ ದುಡಿಮೆಯನ್ನು ಕೇಳದೆ ಎತ್ತಿಕೊಳ್ಳುವುದು ವಿದ್ಯಾವಂತರ ಲಕ್ಷಣವಲ್ಲ.

ಹುಡುಗನು ಪ್ಲೇಯರನ್ನು ಮನೆಗೆ ಒಯ್ದನು. ಮರುದಿನ ಬಂದು ಹೇಳಿದ ಸುದ್ದಿ ಇಷ್ಟೆ: ಅಜ್ಜಿಯು ಆಟವನ್ನು ಪೂರ್ತಿ ನೋಡಿದರು, ಮೊಮ್ಮಗನ ಪ್ರವೇಶವನ್ನು ಮೂರು ಸಲ ನೋಡಿದರು, ಎರಡನೆಯ ಹೆಜ್ಜೆ ತಾಳಕ್ಕೆ ತಪ್ಪಿದೆ ಎಂದರು. ಅವರು ಹೇಳಿದುದು ನಿಜವೆಂದು ಅವನೇ ಒಪ್ಪಿಕೊಂಡನು.

ಸಿ.ಡಿ.ಯಲ್ಲಿದ್ದ ತಂತ್ರಾಂಶದಿಂದ ಈ ಕೆಲಸ ಆಗಿದ್ದಿದ್ದರೆ, ಒಂದು ಗುಂಡಿಯನ್ನು ಒತ್ತಿ ಮುಗಿಸುತ್ತಿದ್ದೆವು. ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ತಿಳಿಯುತ್ತಿರಲಿಲ್ಲ. ಈಗ ಒಂಬತ್ತನೆಯ ತರಗತಿಯ ಮಕ್ಕಳು ಯಾವ ಪ್ಲೇಯರಿನ ಕೈಪಿಡಿಯನ್ನು ಕೊಟ್ಟರೂ ಎರಡು ಪಟ್ಟಿಗಳನ್ನು ಬರೆಯಬಲ್ಲರು. ಮನೆಯಲ್ಲಿ ಹಿರಿಯರ ಮಾತು, ಮದುವೆಯ ಶೋಭಾನೆ, ಊರಿನ ಆಟಗಳ ವಿಡಿಯೊಗಳು ನೋಡುವವರಿಲ್ಲದೆ ಬಿದ್ದಿದ್ದರೆ, ಹೆತ್ತವರು ಅವುಗಳನ್ನು ಮೂಲದ ಪ್ರತಿಯೊಡನೆ ಶಾಲೆಗೆ ಕಳುಹಿಸಬಹುದು. ಅವುಗಳನ್ನು ನೋಡಬೇಕಾದವರ ಕೈಗೆ ಮುಟ್ಟುವಂತೆ ಮಾಡಲು ನಮ್ಮ ಮಕ್ಕಳು ಸಿದ್ಧರಿದ್ದಾರೆ.