ಭಾರ ಹೊರಿಸುವ ವಿದ್ಯೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಭಾರ ಎತ್ತುವುದನ್ನು ಹಣ ಕೊಟ್ಟು ಕಲಿಯುವ ಅಗತ್ಯ ಯಾರಿಗೂ ಇರಲಿಲ್ಲ. ಹೊಗೆಸೊಪ್ಪಿನ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲುಸಾಲಾಗಿ ಏರಿಸಿ, ಹಗಲಿರುಳು ಬೆಂಕಿ ಕಾದು ಬೇಯಿಸಿ, ಬೇಲು ಕಟ್ಟಿ ಕಟ್ಟೆಮಳಲವಾಡಿಯ ಅಥವಾ ಕಂಪಲಾಪುರದ ಹರಾಜು ಮಾರುಕಟ್ಟೆಗೆ ಸಾಗಿಸುವವನಿಗೂ, ಚುಂಚನಕಟ್ಟೆಯ ಆಸುಪಾಸಿನ ಗದ್ದೆಗಳಿಂದ ಭತ್ತದ ಮೂಟೆಯನ್ನು ಬೆನ್ನ ಮೇಲೆ ತರುವವನಿಗೂ ಭಾರವೆಂಬುದು ಅನ್ನದ ಜೊತೆಗೇ ಬಂದ ಸಂಗತಿ. ಅಂಥ ಊರುಗಳ ಪೇಟೆಬೀದಿಯ ಮಹಡಿಗಳ ಮೇಲೆ ಈಗ ಕನ್ನಡಿ ಹೊದಿಸಿದ ಗೋಡೆಗಳ ಜಿಮ್‌ಗಳು ಎದ್ದಿರುವುದನ್ನೂ, ಅಲ್ಲಿ ತಿಂಗಳ ಶುಲ್ಕವಲ್ಲದೆ ಮತ್ತಷ್ಟು ಹಣ ತೆತ್ತು ‘ಪರ್ಸನಲ್ ಟ್ರೈನರ್’ ಒಬ್ಬನನ್ನು ಪಡೆಯುವ ರೂಢಿ ಬೆಳೆಯುತ್ತಿರುವುದನ್ನೂ ಕಂಡು ಹಿರಿಯರು ನಗುವುದುಂಟು. ನಗು ಸಹಜವೇ; ಆದರೆ ದುಡಿಮೆಯ ಭಾರಕ್ಕೂ ವ್ಯಾಯಾಮದ ಭಾರಕ್ಕೂ ಇರುವ ಅಂತರವನ್ನು ಆ ನಗು ಲಕ್ಷಿಸುವುದಿಲ್ಲ. ಮೂಟೆಯು ತನ್ನನ್ನು ಹೊರುವವನ ಶಕ್ತಿಯನ್ನು ವಿಚಾರಿಸುವುದಿಲ್ಲ. ವ್ಯಾಯಾಮದ ಭಾರವನ್ನಾದರೋ ಹೊರುವವನ ಮೈಯನ್ನು ನೋಡಿ ಅಳೆದು ಕೊಡಬೇಕು. ಈ ಅಳೆದು ಕೊಡುವ ವಿದ್ಯೆ ನಮ್ಮಲ್ಲಿ ಹೇಗೆ ಬೆಳೆಯಿತೆಂದು ಹಿಂದಕ್ಕೆ ಅರಸುತ್ತ ಹೋದರೆ, ಅದು ಗಟ್ಟಿಮುಟ್ಟಾದ ದೇಹಗಳಿಂದ ಹುಟ್ಟಿದುದಕ್ಕಿಂತ ಹೆಚ್ಚಾಗಿ ಪೆಟ್ಟು ತಿಂದ ದೇಹಗಳಿಂದ ಹುಟ್ಟಿತೆಂದು ನನಗೆ ತೋರುತ್ತದೆ.

ಮೈಸೂರು ಸೀಮೆಯಲ್ಲಿ ಮೊದಲು ಇದ್ದುದು ಗರಡಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸಗಳನ್ನು ಬೆರೆಸಿ ಹದಮಾಡಿದ ಮಟ್ಟಿಯ ಮೇಲೆ ಉಸ್ತಾದರು ಇವನಿಗೆ ಇಷ್ಟು ದಂಡ, ಅವನಿಗೆ ಇಷ್ಟು ಬಸ್ಕಿ ಎಂದು ವಿಧಿಸುತ್ತಿದ್ದುದರಲ್ಲಿಯೇ ಆಳನ್ನು ನೋಡಿ ಅಳತೆ ಕೊಡುವ ವಿವೇಕವಿತ್ತು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗವಾಡುತ್ತಿದ್ದ ಜಟ್ಟಿಗಳ ಮನೆತನಗಳು ಮಲ್ಲವಿದ್ಯೆಯೊಡನೆ ಉಳುಕು ತೆಗೆಯುವ, ಕೀಲು ಕೂರಿಸುವ ಕೈಗುಣಕ್ಕೂ ಹೆಸರಾಗಿದ್ದವು. ಬೀಳಿಸುವವನೇ ಎತ್ತಿ ನಿಲ್ಲಿಸುವವನೂ ಆಗಿದ್ದನೆಂಬುದು ಆಕಸ್ಮಿಕವಲ್ಲ. ಮುರಿಯುವ ಜಾಗ ಯಾವುದೆಂದು ತಿಳಿದವನಿಗೇ ಕೂಡಿಸುವ ಜಾಗವೂ ತಿಳಿದಿರುತ್ತದೆ. ಇಂದಿಗೂ ದಸರಾ ಕುಸ್ತಿಗಳು ನಡೆಯುವ ದೊಡ್ಡಕೆರೆ ಮೈದಾನದ ಕ್ರೀಡಾಂಗಣವು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರ ಹೆಸರನ್ನು ಹೊತ್ತಿದೆ. ಆದರೆ ಗರಡಿಯ ವಿದ್ಯೆಗೆ ಒಂದು ಮಿತಿಯಿತ್ತು. ಅದು ಮಲ್ಲನಾಗಲು ಬಂದವನಿಗೆ ಮೀಸಲಾದದ್ದು. ಗುಮಾಸ್ತನಿಗೂ ವಕೀಲನಿಗೂ ವ್ಯಾಧಿಗ್ರಸ್ತನಿಗೂ ಅಲ್ಲಿ ಸ್ಥಳವಿರಲಿಲ್ಲ.

ಆ ಬಾಗಿಲನ್ನು ತೆರೆದವರಲ್ಲಿ ಕನ್ನಡ ನಾಡಿನ ಮಟ್ಟಿಗೆ ಅಗ್ರಗಣ್ಯರು ಕೆ.ವಿ. ಅಯ್ಯರ್. ಓದುಗರಲ್ಲಿ ಬಹುಮಂದಿ ಅವರನ್ನು ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಬಲ್ಲರು, ನಾಟಕಕಾರ ಕೈಲಾಸಂ ಅವರಿಗೆ ಆಸರೆಯಾಗಿ ನಿಂತ ಆಪ್ತಮಿತ್ರರೆಂದು ಇನ್ನು ಕೆಲವರು ಬಲ್ಲರು. ಹತ್ತೊಂಬತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ ಕೋಲಾರ ಸೀಮೆಯಲ್ಲಿ ಜನಿಸಿದ ಈ ಮಹನೀಯರು ಸಾಹಿತಿಯಾಗುವುದಕ್ಕೆ ಬಹುಕಾಲ ಮುಂಚೆಯೇ ಅಂಗಸಾಧಕರಾಗಿ ಪ್ರಸಿದ್ಧರಾಗಿದ್ದರು. ಆ ಪೀಳಿಗೆಯ ಸಾಧಕರಿಗೆಲ್ಲ ಪ್ರೇರಣೆಯಾಗಿದ್ದ ಜರ್ಮನಿಯ ಯೂಜೆನ್ ಸ್ಯಾಂಡೋ 1897ರಲ್ಲಿ ಲಂಡನ್ನಿನಲ್ಲಿ ದೇಹಸಾಧನೆಯ ಶಾಲೆಯೊಂದನ್ನು ತೆರೆದು, 1905ರ ಸುಮಾರಿಗೆ ಭಾರತದಲ್ಲಿಯೂ ಸಂಚರಿಸಿ, 1911ರಲ್ಲಿ ಐದನೆಯ ಜಾರ್ಜ್ ದೊರೆಗೆ ವ್ಯಾಯಾಮದ ಪ್ರೊಫೆಸರನೆಂದು ನೇಮಕಗೊಂಡನು. ವ್ಯಾಯಾಮ ಕಲಿಸುವವರು ತಮ್ಮ ಹೆಸರಿನ ಹಿಂದೆ ಪ್ರೊಫೆಸರ್ ಎಂದು ಬರೆದುಕೊಳ್ಳುತ್ತಿದ್ದ ಕಾಲವದು. ಅಯ್ಯರರೂ ಪ್ರೊಫೆಸರ್ ಅಯ್ಯರ್ ಎಂದೇ ಖ್ಯಾತರಾದರು.

ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್ಲು, ಡಂಬೆಲ್ಲುಗಳ ಜೊತೆಗೆ ಸೂರ್ಯನಮಸ್ಕಾರವೂ ಹಠಯೋಗದ ಆಸನಗಳೂ ಪಾಠಕ್ರಮದಲ್ಲಿ ಸೇರಿದ್ದವು. ತಮ್ಮ ದೇಹದ ಸೌಷ್ಠವಕ್ಕೆ ಕಬ್ಬಿಣದ ಗುಂಡುಗಳಿಗಿಂತಲೂ ಹಠಯೋಗವೇ ಹೆಚ್ಚಿನ ಕಾರಣವೆಂದು ಅವರೇ ಹೇಳಿಕೊಂಡಿದ್ದಾರೆ. ಗ್ರೀಕ್ ಪ್ರತಿಮೆಯ ಭಂಗಿಯಲ್ಲಿ ನಿಂತ ಅವರ ಭಾವಚಿತ್ರಗಳು ವಿಲಾಯಿತಿಯ ವ್ಯಾಯಾಮ ಪತ್ರಿಕೆಗಳಲ್ಲಿಯೂ ಅಚ್ಚಾದವು. 1936ರಲ್ಲಿ ಪರಿಪೂರ್ಣ ಅಂಗಸೌಷ್ಠವವನ್ನು ಕುರಿತೂ, ಮರುವರ್ಷ ಸೂರ್ಯನಮಸ್ಕಾರವನ್ನು ಕುರಿತೂ ಅವರ ಇಂಗ್ಲಿಷ್ ಗ್ರಂಥಗಳು ಹೊರಬಂದವು. ದೂರದೂರುಗಳ ಶಿಷ್ಯರಿಗೆ ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದರು. ಇಂದು ಮೊಬೈಲಿನಲ್ಲಿ ವ್ಯಾಯಾಮದ ಪಟ್ಟಿ ತರಿಸಿಕೊಳ್ಳುವ ತರುಣರು ತಾವು ಹೊಸತೇನನ್ನೋ ಮಾಡುತ್ತಿರುವೆವೆಂದು ಭಾವಿಸಬೇಕಾಗಿಲ್ಲ. ಅಂದ ಹಾಗೆ, ಇಟಲಿಯ ಕಲಾವಿದನೊಬ್ಬನು ತನ್ನ ಕೃತಿಗೆ ತಕ್ಕ ಮುಖವನ್ನು ಅರಸುವ ‘ರೂಪದರ್ಶಿ’ಯ ಕಥೆಯನ್ನು ಬರೆಯಲು ಜೀವಮಾನವೆಲ್ಲ ಮನುಷ್ಯರ ಅಂಗಾಂಗಗಳನ್ನು ದಿಟ್ಟಿಸಿ ನೋಡಿದ ಕಣ್ಣೇ ಬೇಕಾಗಿತ್ತೆಂಬುದು ನನ್ನ ಅನುಮಾನ.

ಅಷ್ಟಾದರೂ ಅಯ್ಯರರನ್ನು ಪ್ರದರ್ಶನದ ಪಟುವಿನ ಸ್ಥಾನದಿಂದ ಒಬ್ಬನೇ ವ್ಯಕ್ತಿಯ ಶಿಕ್ಷಕನ ಸ್ಥಾನಕ್ಕೆ ತಂದದ್ದು ಒಂದು ರೋಗ. ನಾಲ್ವಡಿ ಕೃಷ್ಣರಾಜ ಒಡೆಯರು, ಎಂದರೆ ಕಾವೇರಿಯ ದಡದ ಹಳೆಯ ಎಡತೊರೆಗೆ ಬದಲಾಗಿ ಎದ್ದ ಕೃಷ್ಣರಾಜನಗರವು ಯಾರ ಹೆಸರನ್ನು ಧರಿಸಿದೆಯೋ ಆ ಮಹಾರಾಜರು, ಪಾರ್ಶ್ವವಾಯುವಿನ ಆಘಾತಕ್ಕೆ ಒಳಗಾದಾಗ ಅಯ್ಯರರನ್ನು ಕರೆಸಿಕೊಂಡರು. ಸ್ಯಾಂಡೋ ದೊರೆಗೆ ಪ್ರೊಫೆಸರನಾದದ್ದು ಗೌರವಾರ್ಥವಾಗಿ. ಅಯ್ಯರರು ದೊರೆಯ ಬಳಿಗೆ ಹೋದದ್ದಾದರೋ ಸ್ವಾಧೀನ ತಪ್ಪಿದ ಅಂಗಕ್ಕೆ ಮತ್ತೆ ಚಲನೆಯನ್ನು ಕಲಿಸುವ ನಿಜವಾದ ಹೊಣೆ ಹೊತ್ತು. ನೂರು ಮಂದಿಯ ಎದುರು ಮಾಂಸಖಂಡವನ್ನು ಕುಣಿಸಬಲ್ಲ ವಿದ್ಯೆಗೂ, ಮಧ್ಯವಯಸ್ಸು ದಾಟಿದ ರೋಗಿಯೊಬ್ಬನ ಪಕ್ಕದಲ್ಲಿ ನಿಂತು ಇವತ್ತಿಗೆ ಇಷ್ಟೇ ಸಾಕೆಂದು ಹೇಳಬಲ್ಲ ವಿದ್ಯೆಗೂ ಅಜಗಜಾಂತರವಿದೆ. ಮಹಾರಾಜರು ಚೇತರಿಸಿಕೊಂಡು, ಕೃತಜ್ಞತೆಯ ಗುರುತಾಗಿ ಬೆಂಗಳೂರಿನಲ್ಲಿ ಅಯ್ಯರರ ವ್ಯಾಯಾಮಶಾಲೆಯ ಕಟ್ಟಡಕ್ಕೆ ಧನಸಹಾಯ ಮಾಡಿದರು. ಮೈಸೂರಿನಲ್ಲಿಯೂ ಒಂದು ಶಾಖೆಯನ್ನು ತೆರೆಯಿಸಿದರು. ಆ ಶಾಖೆಯನ್ನು ಜಗನ್ಮೋಹನ ಅರಮನೆಯಲ್ಲಿ ನೋಡಿಕೊಂಡವರು ಅಯ್ಯರರ ಹಿರಿಯ ಶಿಷ್ಯ ಅನಂತರಾಯರು.

ಜಗನ್ಮೋಹನ ಅರಮನೆಯೆಂದ ಕೂಡಲೆ ಇಂದಿನವರಿಗೆ ಚಿತ್ರಶಾಲೆ ನೆನಪಾಗುತ್ತದೆ. ಅಂದು ಅದೇ ಆವರಣದಲ್ಲಿ, ಅನಂತರಾಯರ ತರಗತಿಗೆ ಕೂಗಳತೆಯಲ್ಲಿ, 1933ರಿಂದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. ಒಂದೇ ಸೂರಿನಡಿಯಲ್ಲಿ ಇತ್ತ ಕಬ್ಬಿಣದ ಸದ್ದು, ಅತ್ತ ಉಸಿರಿನ ಎಣಿಕೆ. ಪೆಟ್ಟಿನ ಪ್ರಸಂಗವನ್ನು ಎತ್ತಿದ ಮೇಲೆ ಆ ಯೋಗಶಾಲೆಯ ಹುಡುಗನೊಬ್ಬನನ್ನು ಇಲ್ಲಿ ಬಿಟ್ಟು ಮುಂದೆ ಹೋಗುವಂತಿಲ್ಲ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, ಬಾಲ್ಯವನ್ನೆಲ್ಲ ಮಲೇರಿಯ, ಕ್ಷಯಗಳಲ್ಲಿ ಕಳೆದು, ಭಾವನವರ ಆಶ್ರಯಕ್ಕೆಂದು ಮೈಸೂರಿಗೆ ಬಂದ ಈ ಕೃಶಾಂಗನನ್ನು ಭಾವನವರೇ ಆಗಿದ್ದ ಕೃಷ್ಣಮಾಚಾರ್ಯರು ಒಂದು ಪ್ರಾತ್ಯಕ್ಷಿಕೆಯಲ್ಲಿ ಹನುಮಾನಾಸನ ಮಾಡಿ ತೋರಿಸೆಂದು ಆಜ್ಞಾಪಿಸಿದರು. ಕಾಲುಗಳೆರಡನ್ನೂ ಹಿಂದಕ್ಕೂ ಮುಂದಕ್ಕೂ ನೇರವಾಗಿ ಚಾಚಿ ನೆಲಕ್ಕೆ ಕೂರುವ ಆ ಆಸನವನ್ನು ಹುಡುಗ ಎಂದೂ ಮಾಡಿದವನಲ್ಲ. ತಪ್ಪಿಸಿಕೊಳ್ಳಲೆಂದು ಚಡ್ಡಿ ಬಿಗಿಯಾಗಿದೆ ಎಂದನು. ಗುರುಗಳು ಕತ್ತರಿ ತರಿಸಿ ಚಡ್ಡಿಯನ್ನು ಎರಡೂ ಬದಿ ಕತ್ತರಿಸಿದರು. ಹುಡುಗ ಆಸನ ಮಾಡಿದನು. ತೊಡೆಯ ಹಿಂಬದಿಯ ಸ್ನಾಯು ಹರಿಯಿತು. ಬಹುಕಾಲದವರೆಗೆ ಅವನು ಸರಿಯಾಗಿ ನಡೆಯಲಾರದೆ ಹೋದನು.

ಆ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್. 1937ರಲ್ಲಿ ಪುಣೆಗೆ ತೆರಳಿದ ಮೇಲೆ ಅವರು ಕಟ್ಟಿದ ಶಿಕ್ಷಣಕ್ರಮವನ್ನು ನೋಡಿದರೆ, ಆ ಹರಿದ ಸ್ನಾಯುವಿನ ನೆನಪು ಅದರಲ್ಲೆಲ್ಲ ಹರಡಿಕೊಂಡಿರುವಂತೆ ನನಗೆ ಕಾಣುತ್ತದೆ. ಬಗ್ಗಲಾರದವನ ಕೈಗೆ ಇಟ್ಟಿಗೆ, ಚಾಚಲಾರದವನ ಕಾಲಿಗೆ ಪಟ್ಟಿ, ನಿಲ್ಲಲಾರದವನಿಗೆ ಗೋಡೆಯ ಹಗ್ಗ. ಎಲ್ಲರಿಗೂ ಒಂದೇ ಆಸನ, ಆದರೆ ಅದನ್ನು ತಲಪುವ ದಾರಿ ಒಬ್ಬೊಬ್ಬನಿಗೆ ಒಂದೊಂದು. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನ್ಯುಹಿನ್ ಅವರು ಅಯ್ಯಂಗಾರರನ್ನು ಕಂಡು ಶಿಷ್ಯರಾದುದು ಲೋಕಪ್ರಸಿದ್ಧ.

ಅರಮನೆಯಲ್ಲಿ ಅಯ್ಯರರು ಅನುಭವಮಾತ್ರದಿಂದ ನಡೆಸಿದುದಕ್ಕೆ ಅಂಕಿಯ ಆಧಾರವನ್ನು ಒದಗಿಸಿದ್ದು ಅಮೆರಿಕದ ಒಂದು ಸೈನಿಕ ಆಸ್ಪತ್ರೆ. ಥಾಮಸ್ ಡೆಲೋರ್ಮ್ ಎಂಬ ವೈದ್ಯನು ಹದಿಹರೆಯದಲ್ಲಿ ಸಂಧಿವಾತಜ್ವರದಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಆಮೇಲೆ ಭಾರವೆತ್ತಿಯೇ ಮೈ ಗಟ್ಟಿಮಾಡಿಕೊಂಡವನು. ಎರಡನೆಯ ಮಹಾಯುದ್ಧದಲ್ಲಿ ಷಿಕಾಗೋದ ಗಾರ್ಡಿನರ್ ಆಸ್ಪತ್ರೆಗೆ ಮೊಣಕಾಲು ಕೆಟ್ಟ ಸೈನಿಕರು ಬಂದು ತುಂಬಿದಾಗ, ಬಹುಕಾಲದ ವಿಶ್ರಾಂತಿ ಮತ್ತು ಹಗುರಾದ ಅಂಗಚಾಲನೆಗಳೆಂಬ ರೂಢಿಯ ಕ್ರಮವನ್ನು ಬಿಟ್ಟು, ಕಾಲಿಗೆ ಕಬ್ಬಿಣದ ಪಾದರಕ್ಷೆ ಕಟ್ಟಿಸಿ ನಿಜವಾದ ಭಾರವನ್ನೇ ಎತ್ತಿಸಿದನು. ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದನು. ಮುಂದೆ ವಾಟ್ಕಿನ್ಸ್ ಎಂಬ ವೈದ್ಯನ ಜೊತೆಗೂಡಿ ಕ್ರಮವನ್ನು ತಿದ್ದಿದ ಮೇಲೆ ಅದು ಹೀಗೆ ನಿಂತಿತು: ಒಬ್ಬನು ಸರಿಯಾಗಿ 10 ಬಾರಿ ಎತ್ತಬಲ್ಲ, 11ನೆಯದಕ್ಕೆ ಸೋಲುವ ಭಾರವನ್ನು ಮೊದಲು ಕಂಡುಹಿಡಿ, ಅದರ ಅರ್ಧದಿಂದ 10 ಬಾರಿ, ಮುಕ್ಕಾಲಿನಿಂದ 10 ಬಾರಿ, ಪೂರ್ತಿಯಿಂದ 10 ಬಾರಿ ಮಾಡಿಸು, ವಾರಕ್ಕೊಮ್ಮೆ ಮತ್ತೆ ಅಳೆ. ಇಂದು ಪಿರಿಯಾಪಟ್ಟಣದ ಜಿಮ್ಮಿನಲ್ಲಿ ಹುಡುಗನು ‘ಹತ್ತರ ಮೂರು ಸೆಟ್’ ಎಂದು ಮಂತ್ರದಂತೆ ಉಚ್ಚರಿಸುವುದರ ಹಿಂದೆ ಗಾಯಗೊಂಡ ಸೈನಿಕರ ಮೊಣಕಾಲುಗಳಿವೆ. ಮಂತ್ರದ ಸಂಖ್ಯೆ ಉಳಿಯಿತು. ಮೊದಲು ಅಳೆ, ವಾರಕ್ಕೊಮ್ಮೆ ಮತ್ತೆ ಅಳೆ ಎಂಬ ಭಾಗ ದಾರಿಯಲ್ಲಿ ಉದುರಿಹೋಯಿತು.

ಉದುರಿಹೋದ ಆ ಭಾಗವನ್ನು ಇಲ್ಲಿಯ ತರುಣರು ಸಾಮಾನ್ಯವಾಗಿ ತಮ್ಮ ಸೊಂಟದ ಬೆಲೆ ತೆತ್ತೇ ಕಲಿಯುವುದು. ಹದಿನೆಂಟರಲ್ಲಿ ಸೇರಿ, ಪಕ್ಕದವನಿಗಿಂತ ಒಂದು ಪ್ಲೇಟು ಹೆಚ್ಚು ಹಾಕುವ ಹುರುಪಿನಲ್ಲಿ ಒಂದು ದಿನ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನೆಲದಿಂದ ಬಾರನ್ನು ಎಳೆದಾಗ ಸೊಂಟದಲ್ಲಿ ಏನೋ ಚಳಕ್ ಎನ್ನುತ್ತದೆ. ಬೆನ್ನೆಲುಬಿನ ಮಣಿಗಳ ನಡುವೆ ಇರುವ ಮೆತ್ತನೆಯ ಬಿಲ್ಲೆಗಳಲ್ಲಿ ಬಹುತೇಕ ಜಾರುವುವು ಕಟ್ಟಕಡೆಯ ಎರಡು. ಹಾಗೆ ಜಾರಿದ ಬಿಲ್ಲೆ ನರವನ್ನು ಒತ್ತಿದರೆ ನೋವು ಪೃಷ್ಠದಿಂದ ಹಿಂದೊಡೆಗೆ, ಅಲ್ಲಿಂದ ಮೊಣಕಾಲಿನ ಕೆಳಕ್ಕೆ ಇಳಿಯುತ್ತದೆ. ಇಂಥ ನೋವುಗಳಲ್ಲಿ ಹೆಚ್ಚಿನವು ಶಸ್ತ್ರಕ್ರಿಯೆಯಿಲ್ಲದೆ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ತಣಿಯುತ್ತವೆ; ಮಲಗಿಯೇ ಇರುವುದರಿಂದ ಗುಣವಾಗುವುದಿಲ್ಲವೆಂದು ವೈದ್ಯರು ಈಗ ಒಮ್ಮತದಿಂದ ಹೇಳುತ್ತಾರೆ. ಆ ವಾರಗಳಲ್ಲಿ ತನ್ನ ದೇಹವನ್ನು ತಾನೇ ಪಾಠಪುಸ್ತಕವಾಗಿ ಓದಿಕೊಂಡವನು ಮುಂದೆ ಇನ್ನೊಬ್ಬನಿಗೆ ಕಲಿಸಲು ನಿಂತಾಗ ಅವನ ಕೈಯಲ್ಲಿ ಮೊದಲು ಕಾಣಿಸುವುದು ಕಬ್ಬಿಣವಲ್ಲ, ಒಂದು ಕೋಲು. ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಸುತ್ತಾನೆ. ತಲೆಯ ಹಿಂಭಾಗ, ಎರಡು ಹೆಗಲಹಲಗೆಗಳ ನಡುವಣ ಜಾಗ, ಸೊಂಟದ ಕೆಳಗಿನ ಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಮೂರರಲ್ಲಿ ಒಂದೂ ಬಿಡದಂತೆ ಟೊಂಕದಿಂದ ಮಾತ್ರ ಮುಂದಕ್ಕೆ ಮಣಿಯಬೇಕು. ನೋಡಲು ಮಕ್ಕಳಾಟ. ಐವತ್ತು ದಾಟಿದ ಮೇಷ್ಟರೊಬ್ಬರು ಇದನ್ನು ಮಾಡಲು ಹೊರಟರೆ ನಾಲ್ಕನೆಯ ಮಣಿತಕ್ಕೆ ಬೆವರುತ್ತಾರೆ.

ಕಲಿಸುವವನಿಗೆ ಇನ್ನೊಂದು ತಿಳಿದಿರಬೇಕು. ಇದನ್ನು ತಿಳಿಯದವನಿಗೆ ಶುಲ್ಕ ಕೊಡಲಾಗದು. ಪಾದ ಎಳೆದುಹೋಗುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ತೊಡೆಸಂದಿಯಲ್ಲಿ ಮರವು ಕಂಡಿದ್ದರೆ ಅದು ವ್ಯಾಯಾಮದ ವಿಷಯವಲ್ಲ. ಆ ದಿನವೇ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಫಿಸಿಯೋಥೆರಪಿಯನ್ನು 2021ರ ಕಾಯಿದೆಯೊಂದು ನಿಯಮದ ಚೌಕಟ್ಟಿನೊಳಗೆ ತಂದಿದೆ. ಜಿಮ್ಮಿನ ತರಬೇತುದಾರನು ಆ ಚೌಕಟ್ಟಿನ ಹೊರಗಿದ್ದಾನೆ. ಗೋಡೆಗೆ ತೂಗಿದ ಪ್ರಮಾಣಪತ್ರದ ಬೆಲೆಯನ್ನು ಗಿರಾಕಿಯೇ ನಿರ್ಣಯಿಸಬೇಕು.

ಈ ನಾಲ್ಕು ಊರುಗಳಲ್ಲಿ ಅಂಥ ತರಬೇತುದಾರನಿಗೆ ಮೈಸೂರಿನವನಿಗಿಂತ ಭಿನ್ನವಾದ ಹೊಣೆ ಬೀಳುವುದಕ್ಕೆ ಕಾರಣ ಭೂಗೋಳ. ಮೊಣಕಾಲಿನ ಶಸ್ತ್ರಕ್ರಿಯೆಯಾದವರಿಗೂ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುವವರಿಗೂ ವಾರಕ್ಕೆ ಎರಡು ಮೂರು ಬಾರಿಯಂತೆ ತಿಂಗಳುಗಟ್ಟಲೆ ಅಂಗಸಾಧನೆ ಬೇಕು. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೆ ಬಸ್ಸಿನಲ್ಲಿ 40ರಿಂದ 70 ಕಿಲೋಮೀಟರು. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯವರಿಗೆ ಅದು ಇನ್ನೂ ದೂರ, ಬಸ್ಸೂ ವಿರಳ. ಒಂದು ದಿನದ ಕೂಲಿ, ಜೊತೆಗೆ ಬರುವ ಮಗನ ಕೂಲಿ, ಬಸ್ಸಿನ ಖರ್ಚು, ಊಟ ಎಂದು ಲೆಕ್ಕ ಹಾಕಿದ ರೋಗಿ ಎರಡು ಬಾರಿ ಹೋಗಿ ಮೂರನೆಯ ಸಲ ಮನೆಯಲ್ಲಿಯೇ ಉಳಿಯುತ್ತಾನೆ. ವೈದ್ಯರು ಬರೆದುಕೊಟ್ಟ ವ್ಯಾಯಾಮದ ಚೀಟಿಯನ್ನು ಹಿಡಿದು ಅವನ ಮನೆಯವರು ಆಮೇಲೆ ಹತ್ತುವುದು ಪೇಟೆಯಲ್ಲಿ ಬೇಕರಿಯ ಮೇಲಣ ಮಹಡಿಯ ಮೆಟ್ಟಿಲುಗಳನ್ನು. ಅಲ್ಲಿಯ ತರಬೇತುದಾರನು ಬೆಳಗಿನ ಹುಡುಗರೆಲ್ಲ ಹೋದ ಮೇಲೆ ಹತ್ತು ಗಂಟೆಗೆ ಬನ್ನಿ, ಚೀಟಿ ಬರೆದ ಡಾಕ್ಟರ ಫೋನ್ ನಂಬರನ್ನೂ ತನ್ನಿ ಎನ್ನುತ್ತಾನೆ.