ಬಣವೆಗೆ ಬೆಂಕಿ ಬಿದ್ದಾಗ: ನಾಲ್ಕೂವರೆ ಸಾವಿರ ಲೀಟರಿನ ಲೆಕ್ಕ

ಅಗ್ನಿಶಾಮಕ ದಳದ ಜಲವಾಹನದ ಟ್ಯಾಂಕು ಸಾಮಾನ್ಯವಾಗಿ 4,500 ಲೀಟರ್ ನೀರು ಹಿಡಿಯುತ್ತದೆ. ದೊಡ್ಡ ಹೋಸ್ ಬಿಚ್ಚಿ ಅದರ ತುದಿಯ ಬ್ರಾಂಚ್, ಅಂದರೆ ನಳಿಕೆ, ಪೂರ್ತಿ ತೆರೆದರೆ ನಿಮಿಷಕ್ಕೆ ಸುಮಾರು 450 ಲೀಟರ್ ಹೊರಗೆ ಹೋಗುತ್ತದೆ. ಹತ್ತೇ ನಿಮಿಷಕ್ಕೆ ಟ್ಯಾಂಕು ಬರಿದು. ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯ ಯಾವುದಾದರೂ ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ದರೆ, ಗಾಡಿ ಎಲ್ಲಿ ನಿಲ್ಲಬೇಕು, ನೀರು ಮೊದಲು ಯಾವುದಕ್ಕೆ ಬೀಳಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಈ ಹತ್ತು ನಿಮಿಷವೇ ತೀರ್ಮಾನಿಸುತ್ತದೆ. ‘ಗಾಡಿ ಬಂತು, ನೀರು ಖಾಲಿ ಮಾಡ್ಕಂಡು ಹೋತು, ಬಣವಿ ಮಾತ್ರ ಉಳೀಲಿಲ್ಲ’ ಎಂದು ಜನ ನೊಂದುಕೊಳ್ಳುವುದು ಸಹಜ. ಆದರೆ ಆ ಹತ್ತು ನಿಮಿಷದಲ್ಲಿ ಅಗ್ನಿಶಾಮಕರು ಏನು ಮಾಡುತ್ತಿದ್ದಾರೆ ಎಂದು ಗೊತ್ತಿದ್ದರೆ ಊರಿನವರೂ ಅವರ ಜೊತೆ ಸರಿಯಾಗಿ ಕೈಜೋಡಿಸಬಹುದು.

ಜಗಳೂರು ತಾಲ್ಲೂಕು ಬಹುಪಾಲು ಮಳೆಯಾಶ್ರಿತ. ಮೆಕ್ಕೆಜೋಳ, ಶೇಂಗಾ, ರಾಗಿ, ಈರುಳ್ಳಿ ಇಲ್ಲಿನ ಬೆಳೆ. ಸುಗ್ಗಿ ಮುಗಿದ ಮೇಲೆ ರಾಗಿ ಹುಲ್ಲು, ಮೆಕ್ಕೆಜೋಳದ ಸಪ್ಪೆ, ಶೇಂಗಾ ಬಳ್ಳಿ ಎಲ್ಲವೂ ಬಣವೆಯಾಗಿ ಕಣದ ಬದಿಗೋ ಹಿತ್ತಲಿಗೋ ಸೇರುತ್ತವೆ. ಜಾಗದ ಅನುಕೂಲಕ್ಕೆಂದು ನಾಲ್ಕಾರು ಮನೆಯವರ ಬಣವೆಗಳು ಒಂದರ ಪಕ್ಕ ಒಂದು ಒಟ್ಟಿಕೊಂಡಿರುತ್ತವೆ. ಬೇಸಿಗೆಯ ಮೇವೆಲ್ಲ ಅಲ್ಲೇ. ಒಂದು ಬಣವೆ ಸುಟ್ಟರೆ ದನ ಮಾರಬೇಕಾದ ಸ್ಥಿತಿ ಬರುತ್ತದೆ.

ಬೆಂಕಿ ಹೊತ್ತುವ ಬಗೆಗಳು ನಮಗೆ ಗೊತ್ತಿರುವಂಥವೇ. ಪಕ್ಕದ ಹೊಲದಲ್ಲಿ ಕೂಳೆಗೆ ಹಚ್ಚಿದ ಬೆಂಕಿ ಗಾಳಿಗೆ ಹಾರಿ ಬರುವುದು, ಸೇದಿ ಎಸೆದ ಬೀಡಿ, ತಂತಿಗೆ ತಂತಿ ತಾಗಿ ಉದುರುವ ಕಿಡಿ. ಎತ್ತರಕ್ಕೆ ಸಪ್ಪೆ ಹೇರಿಕೊಂಡ ಟ್ರ್ಯಾಕ್ಟರ್ ಜೋತುಬಿದ್ದ ವಿದ್ಯುತ್ ತಂತಿಗೆ ತಾಗುವುದಂತೂ ಪ್ರತಿ ಸುಗ್ಗಿಯ ಸುದ್ದಿ. ಇವುಗಳ ಜೊತೆಗೆ, ಯಾರೂ ಹಚ್ಚದೆ ತಾನಾಗಿ ಹೊತ್ತುವ ಬೆಂಕಿಯೂ ಒಂದಿದೆ. ಹಸಿ ಆರದ ಅಥವಾ ಮಳೆಗೆ ನೆಂದ ಮೇವನ್ನು ಒತ್ತಿ ಒಟ್ಟಿದರೆ ಒಳಗೆ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ, ಶಾಖ ಏರುತ್ತದೆ. ಮೇವಿನಲ್ಲಿ ತೇವಾಂಶ ಶೇ 20 ದಾಟಿದ್ದರೆ ಎಚ್ಚರ ಬೇಕು. ಒಳಗಿನ ಶಾಖ 70 ಡಿಗ್ರಿಗೆ ಮುಟ್ಟಿತೆಂದರೆ ಅಪಾಯ ಹತ್ತಿರದಲ್ಲೇ ಇದೆ. ಒಟ್ಟಿದ ಎರಡರಿಂದ ಆರು ವಾರದೊಳಗೆ ಇಂಥ ಬೆಂಕಿ ಕಾಣಿಸಿಕೊಳ್ಳಬಹುದು. ಪರೀಕ್ಷೆ ಸುಲಭ. ಉದ್ದನೆಯ ಕಬ್ಬಿಣದ ಸರಳನ್ನು ಬಣವೆಯ ನಡುವಿಗೆ ತೂರಿಸಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿ ಕೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಆ ಬಣವೆಯನ್ನು ಬಿಚ್ಚುವ ಮೊದಲೇ ಅಗ್ನಿಶಾಮಕ ಠಾಣೆಗೆ ತಿಳಿಸಬೇಕು. ಬಿಚ್ಚಿದ ಕ್ಷಣ ಗಾಳಿ ಒಳನುಗ್ಗಿ ಭಗ್ಗೆಂದು ಹತ್ತಿಕೊಳ್ಳಬಹುದು.

ಕರೆ ಮಾಡಬೇಕಾದ ಸಂಖ್ಯೆ 101 ಅಥವಾ 112. ಫೋನ್ ಎತ್ತಿದವರಿಗೆ ನಿಮ್ಮ ಊರಿನ ಪರಿಚಯ ಇರುತ್ತದೆ ಎಂದುಕೊಳ್ಳಬೇಡಿ. ‘ಹಟ್ಟಿ ಹತ್ರ ಬೆಂಕಿ ಬಿದ್ದೈತಿ, ಬೇಗ ಬರ್ರಿ’ ಎಂದು ಫೋನ್ ಇಟ್ಟರೆ ಅವರು ಗಾಡಿಯನ್ನು ಯಾವ ಹಟ್ಟಿಗೆ ಕಳಿಸಬೇಕು? ಜಗಳೂರು ತಾಲ್ಲೂಕು, ಬಿಳಿಚೋಡು ಹೋಬಳಿ, ಇಂಥ ಊರು, ಯಾವ ಕಡೆಯಿಂದ ದಾರಿ, ಉರಿಯುತ್ತಿರುವುದು ಏನು, ಪಕ್ಕದಲ್ಲಿ ಮನೆ ಇದೆಯೇ, ಮೇಲೆ ತಂತಿ ಇದೆಯೇ, ಹತ್ತಿರದಲ್ಲಿ ನೀರು ಎಲ್ಲಿದೆ, ಇಷ್ಟು ಹೇಳಿ ಆಮೇಲೆ ಫೋನ್ ಇಡಬೇಕು. ಗಾಡಿ ಜಗಳೂರಿನಿಂದಲೋ ದಾವಣಗೆರೆಯಿಂದಲೋ ಬರಬೇಕು. ಆದ್ದರಿಂದ ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿ. ಇನ್ನೊಬ್ಬರು ಬೆಸ್ಕಾಂಗೆ, 1912ಕ್ಕೆ, ಫೋನ್ ಮಾಡಿ ಲೈನ್ ತೆಗೆಸಲಿ. ಜೀವಂತ ತಂತಿಯ ಕೆಳಗೆ ಯಾವ ಠಾಣಾಧಿಕಾರಿಯೂ ತನ್ನ ಹುಡುಗರ ಕೈಯಲ್ಲಿ ನೀರು ಬಿಡಿಸುವುದಿಲ್ಲ, ಬಿಡಿಸಲೂಬಾರದು.

ಗಾಡಿ ಬಂದು ನಿಂತಾಗ ಜನಕ್ಕೂ ಸಿಬ್ಬಂದಿಗೂ ಮೊದಲ ಜಟಾಪಟಿ ಆಗುವುದು ನೀರು ಬಿಡುವ ವಿಷಯದಲ್ಲೇ. ಧಗಧಗ ಉರಿಯುವ ಬಣವೆಯನ್ನು ಬಿಟ್ಟು ಅಗ್ನಿಶಾಮಕರು ಪಕ್ಕದ ಬಣವೆಯನ್ನು ತೋಯಿಸಲು ಶುರು ಮಾಡುತ್ತಾರೆ. ‘ಅಲ್ರೀ, ಉರಿಯೋದ್ ಬಿಟ್ಟು ಇದ್ಕ್ಯಾಕ್ ನೀರ್ ಬಿಡ್ತೀರಿ?’ ಎಂದು ಕೂಗಾಟ. ಬಣವೆಯ ಯಜಮಾನನ ಸಂಕಟ ಅರ್ಥವಾಗುವಂಥದ್ದೇ. ಆದರೆ ಸಿಬ್ಬಂದಿಯ ಲೆಕ್ಕ ಸರಿ. ಪೂರ್ತಿ ಹೊತ್ತಿಕೊಂಡ ಬಣವೆಗೆ 4,500 ಲೀಟರ್ ಸುರಿದರೂ ಅದು ಮೇವಾಗಿ ಉಳಿಯುವುದಿಲ್ಲ. ನೆಂದು ಹೊಗೆ ಕುಡಿದ ಹುಲ್ಲನ್ನು ದನ ಮೂಸಿಯೂ ನೋಡುವುದಿಲ್ಲ. ಅದೇ ನೀರನ್ನು ಗಾಳಿ ಬೀಸುವ ದಿಕ್ಕಿನ ಬಣವೆಗೆ, ಮನೆಯ ಸೂರಿಗೆ, ಕೊಟ್ಟಿಗೆಗೆ ಬಳಸಿದರೆ ಅವು ಉಳಿಯುತ್ತವೆ.

ಉರಿಯುವ ಬಣವೆಗೆ ಮೇಲಿನಿಂದ ಸುರಿದ ನೀರು ಹೊರಮೈಯಲ್ಲೇ ಜಾರಿಹೋಗುತ್ತದೆ. ಮಳೆ ಒಳಗಿಳಿಯಬಾರದೆಂದೇ ನಾವು ಅದನ್ನು ಹಾಗೆ ಒಟ್ಟಿರುತ್ತೇವೆ. ಜ್ವಾಲೆ ಅಡಗಿದ ಮೇಲೂ ಹೊಟ್ಟೆಯಲ್ಲಿ ಕೆಂಡ ಹಾಗೇ ಇರುತ್ತದೆ, ರಾತ್ರಿ ಗಾಳಿ ಎದ್ದಾಗ ಮತ್ತೆ ಹೊತ್ತುತ್ತದೆ. ಆದ್ದರಿಂದ ಬಣವೆ ಬೆಂಕಿ ನಿಜಕ್ಕೂ ಆರುವುದು ಬಿಚ್ಚಿದಾಗ. ಜೆಸಿಬಿ ಅಥವಾ ಟ್ರ್ಯಾಕ್ಟರಿನ ಡೋಜರ್‌ನಿಂದ ಒಂದು ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಎಳೆದು, ಬಯಲಿನಲ್ಲಿ ತೆಳ್ಳಗೆ ಹರಡಿ, ಸಣ್ಣ ಹೋಸಿನಿಂದ ತುಂತುರಾಗಿ ನೀರು ಹಾಕಬೇಕು. ಹೀಗೆ ಮಾಡಿದರೆ ಅರ್ಧ ಟ್ಯಾಂಕಿನಲ್ಲಿ ಆಗುವ ಕೆಲಸ, ಮೇಲಿನಿಂದಲೇ ಸುರಿಯುತ್ತ ನಿಂತರೆ ಮೂರು ಟ್ಯಾಂಕಿಗೂ ಮುಗಿಯದು. ಒಂದು ಮಾತು ಮಾತ್ರ ಊರಿನ ಹುಡುಗರು ಮರೆಯಬಾರದು: ಉರಿದ ಬಣವೆಯ ಮೇಲೆ ಹತ್ತಬೇಡಿ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಸುಟ್ಟು ಪೊಳ್ಳಾಗಿರುತ್ತದೆ. ಕಾಲಿಟ್ಟವರು ಸೊಂಟದವರೆಗೆ ಕೆಂಡಕ್ಕೆ ಇಳಿಯುತ್ತಾರೆ. ಬೆಂಕಿ ಆರಿಸಲು ಬರುವಾಗ ಪಾಲಿಯೆಸ್ಟರ್ ಅಂಗಿಯೂ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆ, ಪೂರ್ತಿ ತೋಳು, ಕಾಲಿಗೆ ಬೂಟು ಇರಲಿ.

ಒಳಗೊಳಗೇ ಉರಿಯುವ ಸರಕು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಅಗ್ನಿಶಾಮಕ ದಳದವರು ಪ್ರತಿವರ್ಷ ನೆನೆಯುವ ಒಂದು ದಿನವೇ ಸಾಕ್ಷಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಹಡಗಿನ ಹತ್ತಿ ಬೇಲುಗಳಿಗೆ ಬೆಂಕಿ ಬಿತ್ತು. ಅದೇ ಹಡಗಿನಲ್ಲಿ ಸಿಡಿಮದ್ದೂ ಇತ್ತು. ಬೆಂಕಿಯ ಮೂಲ ಎಲ್ಲಿದೆಯೆಂದು ಸಿಗದೆ ಟನ್ನುಗಟ್ಟಲೆ ನೀರು ಸುರಿಯುತ್ತಿದ್ದಾಗಲೇ ಹಡಗು ಸಿಡಿಯಿತು. 66 ಅಗ್ನಿಶಾಮಕರು ಸತ್ತರು. ಏಪ್ರಿಲ್ 14ರಿಂದ 20ರವರೆಗೆ ನಮ್ಮ ಶಾಲೆಗಳಲ್ಲೂ ಬಸ್ ನಿಲ್ದಾಣಗಳಲ್ಲೂ ನಡೆಯುವ ಅಣಕು ಪ್ರದರ್ಶನಗಳ ಹಿಂದೆ ಇರುವುದು ಅವರ ಸಾವು.

ಇನ್ನು ಟ್ಯಾಂಕು ಖಾಲಿಯಾದ ಮೇಲಿನ ಮಾತು. ‘ಅಲ್ಲೇ ಬಾವಿ ಐತಲ್ರಿ, ಎಳೀರಿ’ ಎನ್ನುತ್ತಾರೆ. ಗಾಡಿಯ ಪಂಪು ನೀರನ್ನು ಎಳೆಯುವುದು ಗಾಳಿಯ ಒತ್ತಡದ ಬಲದಿಂದ. ಸಕ್ಷನ್ ಹೋಸಿನೊಳಗಿನ ಗಾಳಿಯನ್ನು ತೆಗೆದರೆ ಹೊರಗಿನ ವಾತಾವರಣ ನೀರನ್ನು ಮೇಲಕ್ಕೆ ಒತ್ತುತ್ತದೆ. ಲೆಕ್ಕದ ಪ್ರಕಾರ ಅದು 10 ಮೀಟರ್ ಚಿಲ್ಲರೆ ಏರಬೇಕು, ನಡೆಯುವುದು ಏಳು ಮೀಟರಿನ ಆಸುಪಾಸು, ಅಂದರೆ ಇಪ್ಪತ್ತಮೂರು ಅಡಿ. ಜಗಳೂರು ಸೀಮೆಯ ತೆರೆದ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರಿದ್ದರೂ ಅದಕ್ಕಿಂತ ಆಳದಲ್ಲಿರುತ್ತದೆ. ಎಷ್ಟೇ ದೊಡ್ಡ ಎಂಜಿನ್ ಹಾಕಿದರೂ ಮೇಲಿನಿಂದ ಎಳೆದು ಆ ನೀರು ತರಲಾಗದು. ಕೊಳವೆಬಾವಿಯಿಂದ ಟ್ಯಾಂಕು ತುಂಬಲು ಹೊತ್ತು ಹಿಡಿಯುತ್ತದೆ.

ಉಳಿಯುವುದು ಕೆರೆ, ಕೃಷಿ ಹೊಂಡ, ನೀರಿನ ಟ್ಯಾಂಕರ್. ತುಂಗಭದ್ರೆಯ ನೀರಿನಿಂದ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯನ್ನು ಎಲ್ಲರೂ ಅಂತರ್ಜಲದ, ಬೆಳೆಯ ಲೆಕ್ಕದಲ್ಲಿ ನೋಡುತ್ತಾರೆ. ಬೆಂಕಿಯ ಲೆಕ್ಕದಲ್ಲೂ ಅದು ದೊಡ್ಡ ವಿಷಯ. ಆದರೆ ಕೆರೆಯಲ್ಲಿ ನೀರಿದ್ದರೆ ಸಾಲದು, ಗಾಡಿ ನೀರಿನ ಅಂಚಿನವರೆಗೆ ಹೋಗಿ, ತುಂಬಿಕೊಂಡು, ಹೂತುಕೊಳ್ಳದೆ ತಿರುಗಿ ಬರಬೇಕು. ಕೆರೆಗೊಂದು ಕಡೆ ಗಟ್ಟಿ ಗರಸಿನ ಇಳಿಜಾರು ಮಾಡಿಸುವುದು, ಓವರ್‌ಹೆಡ್ ಟ್ಯಾಂಕಿಗೆ ಹೋಸ್ ಸೇರಿಸಬಹುದಾದ ದಪ್ಪ ನಲ್ಲಿ ಇಡಿಸುವುದು, ಯಾರ ಹೊಂಡದಲ್ಲಿ ಈಗ ನೀರಿದೆ ಎಂಬ ಪಟ್ಟಿಯನ್ನು ಮಾರ್ಚಿಗೆ ಮುಂಚೆ ಠಾಣೆಗೆ ಕೊಡುವುದು ಗ್ರಾಮ ಪಂಚಾಯಿತಿಗೆ ಭಾರದ ಕೆಲಸಗಳಲ್ಲ. ಇವನ್ನು ಬೇಸಿಗೆಗೆ ಮುಂಚೆ ಮಾಡಿಸಿಕೊಳ್ಳದ ಪಂಚಾಯಿತಿಯನ್ನು ಊರಿನವರು ಕೇಳಲೇಬೇಕು.

ಅಗ್ನಿಶಾಮಕರ ತರಬೇತಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ನಡೆಯುತ್ತದೆ. ಹೋಸ್ ಡ್ರಿಲ್, ಏಣಿ ಡ್ರಿಲ್, ಪಂಪ್ ಡ್ರಿಲ್, ಹಗ್ಗದ ಗಂಟುಗಳು, ಗಾಯಾಳುವನ್ನು ಹೆಗಲ ಮೇಲೆ ಹೊರುವುದು, ಪ್ರಥಮ ಚಿಕಿತ್ಸೆ. ಹೋಸ್ ಡ್ರಿಲ್ಲನ್ನೇ ನೋಡಿ. ಸುರುಳಿ ಸುತ್ತಿದ ಹದಿನೈದು ಮೀಟರಿನ ಹೋಸನ್ನು ಒಬ್ಬ ನೆಲದ ಮೇಲೆ ಉರುಳಿಬಿಡುತ್ತಾನೆ, ಒಂದು ತುದಿ ಪಂಪಿಗೆ, ಇನ್ನೊಂದು ತುದಿಗೆ ಬ್ರಾಂಚ್. ಬ್ರಾಂಚ್ ಹಿಡಿದವನು ಕಾಲೂರಿ ಸಿದ್ಧನಾಗಿ ‘ವಾಟರ್ ಆನ್’ ಎಂದು ಕೂಗುವವರೆಗೆ ಪಂಪಿನವನು ವಾಲ್ವ್ ತಿರುಗಿಸುವಂತಿಲ್ಲ. ಏಕೆಂದರೆ ನೀರು ತುಂಬಿದ ಆ ಒಂದು ಹೋಸಿನಲ್ಲಿ ನೀರೇ 47 ಕಿಲೋ ತೂಗುತ್ತದೆ, ಚಿಮ್ಮುವ ನೀರು ಹಿಡಿದವನನ್ನು ಇಪ್ಪತ್ತು ಕಿಲೋದಷ್ಟು ಬಲದಿಂದ ಹಿಂದಕ್ಕೆ ದೂಡುತ್ತದೆ. ಕೈತಪ್ಪಿದ ಬ್ರಾಂಚ್ ಹೆಡೆ ಎತ್ತಿದ ಹಾವಿನ ಹಾಗೆ ಅತ್ತಿತ್ತ ಬಡಿಯುತ್ತದೆ, ಅದರ ಲೋಹದ ತಲೆ ತಗುಲಿದರೆ ಮೂಳೆ ಮುರಿಯುತ್ತದೆ. ಆದ್ದರಿಂದಲೇ ಬ್ರಾಂಚಿಗೆ ಇಬ್ಬರು. ಊರಿನವರು ಉತ್ಸಾಹದಲ್ಲಿ ಬಂದು ಹೋಸ್ ಕಿತ್ತುಕೊಂಡಾಗ ಸಿಬ್ಬಂದಿ ಗದರುವುದೂ ಆದ್ದರಿಂದಲೇ.

ಬಣವೆ ಬೆಂಕಿಯಷ್ಟೇ ಅವರ ಪಾಲಿನದಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿದಾಗ ದೋಣಿ ಇಳಿಸಬೇಕು, ಚನ್ನಗಿರಿ ಕಡೆ ಅಡಿಕೆ ಸಿಪ್ಪೆಯ ರಾಶಿ ದಿನಗಟ್ಟಲೆ ಹೊಗೆಯಾಡುತ್ತದೆ, ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದ ಗುಡ್ಡದ ಹುಲ್ಲು ಹತ್ತಿಕೊಂಡರೆ ಅಲ್ಲಿಗೆ ಗಾಡಿಯೇ ಹೋಗದು, ಹಸಿ ಸೊಪ್ಪಿನಿಂದ ಬಡಿದು ಆರಿಸಬೇಕು. ಎಲ್ಲ ಕಡೆಯೂ ಬರುವ ಕರೆ ಎಂದರೆ ಬಾವಿಗೆ ಬಿದ್ದ ದನ, ಬಾವಿಗೆ ಬಿದ್ದ ಮನುಷ್ಯ.

ಬಾವಿಯ ವಿಷಯದಲ್ಲಿ ನಾನು ಒತ್ತಿ ಹೇಳಬೇಕು. ಬಹಳ ದಿನ ಇಳಿಯದ ಪಾಳುಬಾವಿಯಲ್ಲಿ ಕೊಳೆತ ಕಸದಿಂದ ಹುಟ್ಟಿದ ಅನಿಲ ತಳದಲ್ಲಿ ಕೂತಿರುತ್ತದೆ. ಗಾಳಿಯಲ್ಲಿ ಶೇ 21ರಷ್ಟಿರಬೇಕಾದ ಆಮ್ಲಜನಕ ಶೇ 10ಕ್ಕಿಂತ ಕೆಳಗಿಳಿದರೆ ಮನುಷ್ಯ ಕೂಗಲೂ ಹೊತ್ತಿಲ್ಲದೆ ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನನ್ನು ಎತ್ತಲು ನೆರೆಯವನು. ಹೀಗೆ ಒಂದೇ ಬಾವಿಯಲ್ಲಿ ಮೂವರು ನಾಲ್ವರು ಸತ್ತ ಸುದ್ದಿ ಮತ್ತೆ ಮತ್ತೆ ಓದುತ್ತಲೇ ಇದ್ದೇವೆ. ಲಾಟೀನು ಇಳಿಸಿ ನೋಡುವ ಹಳೆಯ ಪದ್ಧತಿ ಆಮ್ಲಜನಕ ಕಡಿಮೆ ಇರುವುದನ್ನು ತೋರಿಸಬಹುದು, ವಿಷಾನಿಲವನ್ನು ತೋರಿಸುವುದಿಲ್ಲ. ಹೊತ್ತಿಕೊಳ್ಳುವ ಅನಿಲವಿದ್ದರೆ ಲಾಟೀನೇ ಕಿಡಿಯಾಗುತ್ತದೆ. ಅಗ್ನಿಶಾಮಕರು ಬೆನ್ನಿಗೆ ಉಸಿರಾಟದ ಸೆಟ್ ಕಟ್ಟಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಹಗ್ಗ ಹಿಡಿದವನ ಜೊತೆ ಜಗ್ಗಿನ ಸಂಕೇತ ಮಾತಾಡಿಕೊಂಡೇ ಇಳಿಯುತ್ತಾರೆ. ಅವರು ಬರುವವರೆಗೆ ಯಾರನ್ನೂ ಇಳಿಯಲು ಬಿಡಬೇಡಿ, ತಡೆಯಲು ಕೈ ಹಿಡಿದು ಎಳೆಯಬೇಕಾದರೂ ಸರಿ.

ಆ ಸೆಟ್ಟಿಗೂ ಮಿತಿಯಿದೆ. ಆರು ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಂದರೆ ಕಾಗದದ ಮೇಲೆ 45 ನಿಮಿಷ. ಭಾರ ಹೊತ್ತು, ಹೆದರಿ, ಏದುಸಿರು ಬಿಡುವವನಿಗೆ ಅಷ್ಟು ಸಿಗದು. ಒತ್ತಡ 55 ಬಾರಿನ ಆಸುಪಾಸಿಗೆ ಇಳಿದಾಗ ಸೀಟಿ ಊದುತ್ತದೆ, ಆ ಹೊತ್ತಿಗೆ ಅವನು ಹೊರಗಿರಬೇಕು.

ಬಣವೆ ಬೆಂಕಿಯಲ್ಲಿ ಈ ಸೆಟ್ ಹಾಕುವುದು ಅಪರೂಪ. ಕೆಲಸ ನಾಲ್ಕೈದು ಗಂಟೆ ನಡೆಯುತ್ತದೆ, ಸಿಲಿಂಡರ್ ಅಷ್ಟು ಹೊತ್ತು ಬರುವುದಿಲ್ಲ. ಬಯಲೆಂದು ಹೊಗೆ ಕುಡಿದೇ ದುಡಿಯುತ್ತಾರೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ದಪ್ಪ ಕೋಟು, ಹೆಲ್ಮೆಟ್, ಬೂಟು ಸೇರಿದರೆ ದೇಹ ಒಳಗಿನಿಂದ ಬೇಯುತ್ತದೆ. ಅಮೆರಿಕದಲ್ಲಿ ಕರ್ತವ್ಯದ ಮೇಲೆ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಸಾಯುವುದು ಸುಟ್ಟಲ್ಲ, ಹೃದಯ ನಿಂತು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬ್ರಾಂಚಿನವರನ್ನು ಬದಲಿಸುವುದು, ನೆರಳಿಗೆ ಕೂರಿಸಿ ಮಜ್ಜಿಗೆಯೋ ಓಆರ್‌ಎಸ್ಸೋ ಕುಡಿಸುವುದು ಸೌಖ್ಯಕ್ಕೆಂದು ಮಾಡುವ ಉಪಚಾರವಲ್ಲ, ಕೆಲಸದ ಭಾಗ. ಬಣವೆಯ ಮನೆಯವರು ಒಂದು ಕೊಡ ಮಜ್ಜಿಗೆ ತಂದಿಟ್ಟರೆ ಅದಕ್ಕಿಂತ ದೊಡ್ಡ ನೆರವಿಲ್ಲ.

ಇನ್ನೊಂದು ಅಪಾಯ ಠಾಣೆಗೆ ಮರಳಿದ ಮೇಲೆ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ಎಂದು ಮೊದಲ ಗುಂಪಿಗೆ ಸೇರಿಸಿತು. ಮಸಿ ಕೋಟಿನಲ್ಲೂ ಕುತ್ತಿಗೆಯಲ್ಲೂ ಉಳಿದು ಚರ್ಮದ ಮೂಲಕ ಒಳಗಿಳಿಯುತ್ತದೆ, ಆದ್ದರಿಂದ ಅದನ್ನು ಬೇಗ ತೊಳೆಯಬೇಕು. ಆದರೆ ಗಾಡಿ ಮರಳಿದ ಕೂಡಲೇ ಟ್ಯಾಂಕು ತುಂಬಿಸಿ, ಒದ್ದೆ ಹೋಸುಗಳನ್ನು ಒಣಗಲು ತೂಗುಹಾಕಿ, ಒಣ ಹೋಸುಗಳನ್ನು ಗಾಡಿಗೇರಿಸುವುದು ಪದ್ಧತಿ, ಏಕೆಂದರೆ ಮುಂದಿನ ಕರೆ ಯಾವ ಗಳಿಗೆಯಲ್ಲೂ ಬರಬಹುದು. ಸ್ನಾನ, ಕೋಟು ಒಗೆಯುವುದು ಎಲ್ಲಕ್ಕಿಂತ ಕೊನೆಗೆ ಬರುತ್ತವೆ. ಒಗೆದು ಹಾಕಿದ ದಪ್ಪ ಕೋಟು ಒಣಗಲು ಒಂದು ದಿನವಾದರೂ ಬೇಕು. ಹಾಗಾಗಿ ಒಬ್ಬೊಬ್ಬರಿಗೂ ಎರಡು ಜೊತೆ ಇದ್ದರೆ ಮಾತ್ರ ಕೋಟು ಒಗೆಯುವ ಮಾತು ಆಚರಣೆಗೆ ಬರುತ್ತದೆ. ಒಂದೇ ಜೊತೆ ಕೊಟ್ಟ ಠಾಣೆಯಲ್ಲಿ ಮುಂದಿನ ಗಂಟೆ ಬಾರಿಸಿದಾಗ ಅಗ್ನಿಶಾಮಕ ಹಿಂದಿನ ಬೆಂಕಿಯ ಮಸಿಯನ್ನೇ ತೊಟ್ಟು ಗಾಡಿ ಹತ್ತುತ್ತಾನೆ. ಹೊಸ ಗಾಡಿಗೆ ಹಸಿರು ನಿಶಾನೆ ತೋರಿಸಲು ಬರುವ ಜನಪ್ರತಿನಿಧಿಗಳಿಗೆ ನಮ್ಮ ತಾಲ್ಲೂಕುಗಳಿಂದ ಹೋಗುವ ಮನವಿಯಲ್ಲಿ ಈ ಎರಡನೇ ಜೊತೆ ಕೋಟಿನ ಬೇಡಿಕೆಯೂ ಇರಬೇಕು.